ನಿಲ್ಲಬೇಕು ಅಂದರು

ಕಾಲು ಒಳಗೆ ಹೋಗಲಿಲ್ಲ. ಅವಳು ಕತ್ತರಿಸಿ ಉಳಿದ ಮೊಂಡಿಗೆ ಇನ್ನೊಂದು ಹಿಡಿ ಪೌಡರ್ ಸುರಿದಳು, ಕೃತಕ ಕಾಲಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಅದರ ಪಾದಕ್ಕೆ ತನ್ನ ಹೊಟ್ಟೆ ಆನಿಸಿ ಮತ್ತೊಮ್ಮೆ ನೂಕಿದಳು. ಮಂಚ ಹೋಗಿ ಗೋಡೆಗೆ ಬಡಿಯಿತು. ಮಂಚದ ಮೇಲಿದ್ದ ಗಂಡ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಬದುಕಿದ್ದಾಗ ಇದು ಇಬ್ಬರ ಕೆಲಸವಾಗಿತ್ತು. ಅವನು ಮಂಚದ ಅಂಚಿಗೆ ಕೂತು ಮೇಲಿನಿಂದ ಭಾರ ಬಿಡಬೇಕು, ಅವಳು ನೆಲದ ಮೇಲೆ ಕೂತು ಬಟ್ಟಲನ್ನು ನೆಟ್ಟಗೆ ಹಿಡಿಯಬೇಕು. ಬೆಳಿಗ್ಗೆ ಮೂರು ಕಾಲುಚೀಲ. ಮಧ್ಯಾಹ್ನದ ಹೊತ್ತಿಗೆ ಮೊಂಡು ಇಳಿದು ಬಟ್ಟಲು ಸಡಿಲವಾಗುತ್ತದೆ, ಆಗ ನಾಲ್ಕನೆಯದು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಇವತ್ತು ಒಂದು ಕಾಲುಚೀಲವೂ ಇಲ್ಲದೆ ನೂಕಿದರೂ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದೆ. ಮೊಣಕಾಲಿನ ಕೆಳಗೆ ಉಳಿದಿದ್ದ ಆ ಗೇಣುದ್ದದ ಮಾಂಸ ಕೀವು ತುಂಬಿ ಊದಿತ್ತು. ಮನುಷ್ಯ ಹೋದ ಮೇಲಾದರೂ ಇಳಿಯಬಾರದೇ, ಅದಕ್ಕೂ ಹಟ.

ಹೊರಗೆ ಕುರ್ಚಿ ಎಳೆಯುವ ಸದ್ದು. ಪಕ್ಷದವರು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕುರ್ಚಿ ಹಾಕಿಸುತ್ತಿದ್ದರು. ಅವಳು ಕಿಟಕಿಯ ಸಂದಿಯಿಂದ ಬಸ್ ನಿಲ್ದಾಣದ ಕಂಟ್ರೋಲರನ್ನು ಕರೆದಳು. ಗಂಡನ ಜೊತೆ ಒಂದೇ ಕೋಣೆಯಲ್ಲಿ ಕೂತು, ಬರುವ ಹೋಗುವ ಬಸ್ಸುಗಳ ವೇಳೆ ಬರೆದುಕೊಂಡು ತಲೆ ಬೆಳ್ಳಗಾಗಿಸಿಕೊಂಡ ಮನುಷ್ಯ ಅವನು.

"ಒಳಗೆ ಬನ್ನಿ ಅಣ್ಣ. ಬಾಗಿಲು ಹಾಕ್ಕೊಳ್ಳಿ."

ಕಂಟ್ರೋಲರ್ ಬಂದು, ಮಂಚ ನೋಡಿ, ಅವಳ ಕೈಯಲ್ಲಿದ್ದದ್ದನ್ನು ನೋಡಿ ಬಾಗಿಲಿಗೆ ಒರಗಿಕೊಂಡ. "ಏನಮ್ಮ ತಂಗಿ ಇದು. ಬಿಡು. ಮಣ್ಣಿಗೆ ಹೋಗೋನಿಗೆ ಕಾಲು ಯಾಕೆ ಬೇಕು?"

"ಅವರು ಕೇಳಿದ್ದು ಇದೊಂದೇ. ಮೊನ್ನೆ ಆಸ್ಪತ್ರೇಲಿ ಮಾತು ನಿಲ್ಲೋಕೆ ಮುಂಚೆ. ಮಡಚಿದ ಪ್ಯಾಂಟಲ್ಲಿ ನನ್ನ ಕಳಿಸಬೇಡ, ಎರಡೂ ಕಾಲು ಹಾಕಿ ಕಳಿಸು ಅಂದ್ರು. ಹೂಂ ಅಂದಿದ್ದೀನಿ."

ಕಂಟ್ರೋಲರ್ ಚಪ್ಪಲಿ ಬಿಟ್ಟು ಬಂದು ಬಟ್ಟಲೊಳಗೆ ಬೆರಳಾಡಿಸಿದ. "ಒಳಗೆ ಮೆತ್ತನೆಯದು ಏನೋ ಅಂಟಿಸಿದ್ದಾರೆ. ಇದನ್ನ ಕಿತ್ತರೆ?"

ಹೊಲಿಗೆಯೇ ಅವಳ ಜೀವನ. ಅಂಗಡಿಯವರು ಕಳಿಸುವ ಪ್ಯಾಂಟುಗಳಿಗೆ ಉದ್ದ ಇಳಿಸುವುದು, ಸೊಂಟ ಬಿಡಿಸುವುದು. ದೊಡ್ಡ ಕತ್ತರಿ ತಂದು ಬಟ್ಟಲಿನ ಒಳಗಿನ ಮೆತ್ತೆಯನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ತೆಗೆದಳು. ಕಂಟ್ರೋಲರ್ ಗಂಡನ ತೊಡೆ ಹಿಡಿದ, ಅವಳು ನೂಕಿದಳು. ಒಳಗೆ ಏನೋ ಒಡೆದು ಕೀವು ಅವಳ ಮೊಣಕೈವರೆಗೂ ಹರಿಯಿತು, ಕಾಲು ಒಳಗೆ ಹೋಯಿತು.

ಕೈ ಒರೆಸಿಕೊಂಡು ಬೆಲ್ಟು ಬಿಗಿದಳು. ಚುನಾವಣೆಗೆ ನಾಮಪತ್ರ ಸಲ್ಲಿಸುವ ದಿನಕ್ಕೆಂದು ತಾನೇ ಹೊಲಿದ ಕಪ್ಪು ಪ್ಯಾಂಟು ತೊಡಿಸಿದಳು. ಎರಡು ಶೂ ಹಾಕಿ ಎರಡಕ್ಕೂ ಲೇಸು ಕಟ್ಟಿದಳು. ಈಗ ನೋಡಿದರೆ ಎಲ್ಲರ ಹಾಗೆ ಇದ್ದ. ಎಷ್ಟೋ ದಿನದಿಂದ ಬಾರದಿದ್ದ ಅಳು ಆಗ ಬಂತು, ಅವಳು ಶೂ ಹಿಡಿದುಕೊಂಡೇ ಅತ್ತಳು.

*

ಊರಿಗೆ ಅವನ ಮುಖಕ್ಕಿಂತ ದನಿ ಹೆಚ್ಚು ಗೊತ್ತಿತ್ತು. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು ಕಾಲು ಅಲ್ಲಿ ಬಿಟ್ಟು ಮನೆಗೆ ಬಂದಾಗ, ಸರ್ಕಾರ ಕೈ ತೊಳೆದುಕೊಳ್ಳುವಂತೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಒಂದು ಕೆಲಸ ಕೊಟ್ಟಿತ್ತು. ಸರಳು ಹಾಕಿದ ಕಿಟಕಿ, ಕಬ್ಬಿಣದ ಕುರ್ಚಿ, ಮೇಜಿನ ಮೇಲೊಂದು ಮೈಕು. ಜನ ಅವನಿಗೆ ಮೈಕಣ್ಣ ಅಂತಲೇ ಹೆಸರಿಟ್ಟರು. ಕಿಟಕಿಯಿಂದ ಕಾಣುವುದು ಎದೆಯಿಂದ ಮೇಲಕ್ಕೆ ಮಾತ್ರ. ಬೆಳಿಗ್ಗೆ ಜನ ಬರುವ ಮುಂಚೆ ಒಳಗೆ ಹೋಗಿ ಕೂತರೆ, ಸಂಜೆ ಜನ ಕರಗಿದ ಮೇಲೆ ಎದ್ದು ಬರುತ್ತಿದ್ದ. ಮೈಕಣ್ಣನಿಗೆ ಒಂದು ಕಾಲಿಲ್ಲ ಅನ್ನುವುದು ಊರಲ್ಲಿ ಮುಕ್ಕಾಲು ಪಾಲು ಜನಕ್ಕೆ ಗೊತ್ತೇ ಇರಲಿಲ್ಲ. ಅವನಿಗೂ ಅದೇ ಬೇಕಾಗಿತ್ತು.

ಬಸ್ಸು ಎಷ್ಟೇ ತಡವಾಗಲಿ, 'ಕೆಲವೇ ನಿಮಿಷಗಳಲ್ಲಿ ಬರಲಿದೆ' ಎಂದು ಹೇಳಬೇಕು ಅಂತ ಮೇಲಿನವರ ಕಟ್ಟಪ್ಪಣೆ. ಅವನು ಮೈಕು ಹಿಡಿದು, "ಆರೂವರೆ ಬಸ್ಸು ಡಿಪೋ ಬಿಟ್ಟೇ ಇಲ್ಲ. ಎಂಟಕ್ಕೆ ಮುಂಚೆ ಬರಲ್ಲ. ಕಾಯ್ಕೊಂಡು ಕೂರಬೇಡಿ, ಮನೆ ಹತ್ತಿರ ಇದ್ದೋರು ಊಟ ಮುಗಿಸ್ಕೊಂಡು ಬನ್ನಿ" ಎನ್ನುತ್ತಿದ್ದ. ಮೂರು ಸಲ ನೋಟಿಸು ಬಂತು. ಅವುಗಳನ್ನು ಮಡಚಿ ಅಲುಗಾಡುವ ಮೇಜಿನ ಕಾಲ ಕೆಳಗೆ ಇಟ್ಟುಕೊಂಡ. "ನನ್ನದಂತೂ ಅಲ್ಲಾಡುತ್ತೆ, ಮೇಜಿನದ್ದಾದರೂ ಸರಿ ಇರಲಿ" ಅನ್ನುವುದು ಅವನ ತಮಾಷೆ, ಅದೂ ಕಂಟ್ರೋಲರ್ ಒಬ್ಬನ ಹತ್ತಿರ. ಮೈಕಣ್ಣ ಬರಲ್ಲ ಅಂದರೆ ಬರಲ್ಲ, ಬರುತ್ತೆ ಅಂದರೆ ಗಂಟು ಮೂಟೆ ಎತ್ತಿಕೊಂಡು ನಿಲ್ಲಬಹುದು ಅಂತ ಜನಕ್ಕೆ ಖಾತ್ರಿಯಾಗಿತ್ತು.

ಈ ಖಾತ್ರಿಯನ್ನೇ ಹುಡುಕಿಕೊಂಡು ಒಂದು ಭಾನುವಾರ ಪಕ್ಷದ ಅಧ್ಯಕ್ಷ ಮನೆಗೆ ಬಂದ. ಆ ಪಕ್ಷ ಈ ಕ್ಷೇತ್ರದಲ್ಲಿ ಮೂರು ಸಲ ನೆಲ ಕಚ್ಚಿತ್ತು, ಅದರ ಮಾತನ್ನು ನಂಬುವವರೇ ಇರಲಿಲ್ಲ. ಜನ ನಂಬುವ ಒಂದು ದನಿ ಬೇಕಾಗಿತ್ತು. ಅಧ್ಯಕ್ಷ ಹೊಸ್ತಿಲು ದಾಟುತ್ತಲೇ ದೊಡ್ಡ ದನಿಯಲ್ಲಿ, "ನೀವು ನಿಲ್ಲಬೇಕು ಸ್ವಾಮಿ, ಬೇರೆ ಮಾತೇ ಇಲ್ಲ" ಅಂದ.

ಗಂಡ ಕುರ್ಚಿಯಲ್ಲಿ ಮಡಿಲ ಮೇಲೆ ಟವೆಲು ಹಾಸಿಕೊಂಡು ಪೇಪರು ಓದುತ್ತಿದ್ದ. ಬಂದವರು ದೊಡ್ಡ ಮನುಷ್ಯರು, ತಾನು ಕೂತೇ ಇದ್ದೇನೆ ಅಂತ ಸಿಟ್ಟಾಗಿದ್ದಾರೆ ಅಂದುಕೊಂಡ. ಸೈನ್ಯದ ಅಭ್ಯಾಸ ಎಲ್ಲಿ ಹೋಗುತ್ತದೆ. ಮುಖ ಕೆಂಪಾಗಿ, "ತಪ್ಪಾಯ್ತು ಸಾರ್, ಒಂದೇ ನಿಮಿಷ, ನಿಂತೆ" ಅಂದ. ಅವಳ ಕಡೆ ತಿರುಗಿ, "ಇವಳೇ, ಬೇಗ ಕಾಲು ತಗೊಂಡ್ಬಾ" ಅಂದ.

ಅವಳು ಹಾಗೇ ತಂದುಕೊಟ್ಟಳು. ತರಬಾರದಿತ್ತು. ಎಲೆಕ್ಷನ್ನಿಗೆ ನಿಲ್ಲೋದು ಅಂತ ಅವಳಿಗಾದರೂ ಹೊಳೆಯಬೇಕಿತ್ತು. ಬಂದಿದ್ದ ನಾಲ್ಕು ಜನ ಮೊದಲು ಗೊಳ್ಳೆಂದು ನಕ್ಕರು, ಟವೆಲು ಜಾರಿದಾಗ ಸುಮ್ಮನಾದರು. ಅಧ್ಯಕ್ಷನ ಕಣ್ಣು ಮೊಂಡಿನ ಮೇಲೆ ನಿಂತದ್ದು ಕದಲಲೇ ಇಲ್ಲ.

"ಸೈನ್ಯದಲ್ಲಿ ಹೋಗಿದ್ದಾ ಇದು?"

"ಹೌದು ಸಾರ್."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಸಾರ್."

ಅಧ್ಯಕ್ಷ ಮೆಲ್ಲಗೆ ಕೂತ. ಬಂದಾಗ ದನಿ ಕೇಳಿಕೊಂಡು ಬಂದವನು, ಹೋಗುವಾಗ ಕಾಲು ನೋಡಿಕೊಂಡು ಹೋದ.

*

ಈಗಲೂ ಅದೇ ಅಧ್ಯಕ್ಷ ಕೋಣೆಯ ಬಾಗಿಲಲ್ಲಿ ನಿಂತು ಮಂಚದ ಕಡೆ ನೋಡುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೋಳಿಗೊಂದು ಕಪ್ಪು ಪಟ್ಟಿ. ಹಿಂದೆ ಅವನ ಬಾಮೈದ, ರಸ್ತೆ ಗುತ್ತಿಗೆದಾರ. ಅಭ್ಯರ್ಥಿ ಸತ್ತದ್ದರಿಂದ ಮತದಾನ ಮುಂದಕ್ಕೆ ಹೋಗಿತ್ತು, ಪಕ್ಷ ಇನ್ನೊಬ್ಬನನ್ನು ನಿಲ್ಲಿಸಬಹುದಾಗಿತ್ತು. ಯಾರನ್ನು ಅಂತ ಊರಿಗೆಲ್ಲ ನಿನ್ನೆಯೇ ಗೊತ್ತಾಗಿತ್ತು.

"ಇದೇನಮ್ಮ, ಕಾಲು ಹಾಕಿಬಿಟ್ಟಿದ್ದೀರಿ?"

"ಅವರ ಕಾಲು."

"ಅದು ಸರಿ. ಜನ ನೋಡಬೇಕಲ್ಲಮ್ಮ. ಎರಡೂ ಕಾಲಿರೋ ಮನುಷ್ಯ ಸತ್ತರೆ ಅದರಲ್ಲೇನಿದೆ, ದಿನಾ ಸಾಯ್ತಾರೆ." ಅಧ್ಯಕ್ಷ ದನಿ ತಗ್ಗಿಸಿದ. "ನಮ್ಮ ಯೋಚನೆ ಏನಪ್ಪಾ ಅಂದ್ರೆ, ಆ ಕಾಲನ್ನ ಬೇರೆ ಇಟ್ಟು, ಮುಂದೆ ಜೀಪಿನ ಮೇಲೆ, ಹೂವು ಗೀವು ಹಾಕಿ. ಹಿಂದೆ ನಿಮ್ಮ ಯಜಮಾನರು. ದೇಶಕ್ಕೆ ಕಾಲು ಕೊಟ್ಟವರು, ಜನಕ್ಕೆ ಪ್ರಾಣ ಕೊಟ್ಟರು. ನೋಡಿದೋರ ಕರುಳು ಕಿತ್ತು ಬರಬೇಕು."

"ಬೇಡ."

"ನಮ್ಮ ಹುಡುಗ ಅವರ ಹೆಸರಲ್ಲೇ ನಿಲ್ತಿದ್ದಾನಮ್ಮ."

ಅವಳು ಗುತ್ತಿಗೆದಾರನ ಬೂಟುಗಳನ್ನು ನೋಡಿದಳು. "ನಿಲ್ಲಲಿ. ಅವರಿಗೆ ಎರಡಿದೆಯಲ್ಲ."

ಗುತ್ತಿಗೆದಾರ ಕೆಮ್ಮಿದ. ಅಧ್ಯಕ್ಷನಿಗೆ ಸಿಟ್ಟು ಬರಲಿಲ್ಲ, ಬಂದರೂ ಅದನ್ನು ತೋರಿಸಿಕೊಳ್ಳುವವನಲ್ಲ. ಪಕ್ಕದಲ್ಲಿದ್ದ ಅವಳ ಮೈದುನನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದ. ಮೈದುನ ಗಂಡನಿಗಿಂತ ಹತ್ತು ವರ್ಷ ಚಿಕ್ಕವನು, ಕೈ ಹಾಕಿದ ಕೆಲಸವೊಂದೂ ದಡ ಮುಟ್ಟದವನು. ಪ್ರಚಾರ ಶುರುವಾದ ದಿನದಿಂದ ಅಧ್ಯಕ್ಷನ ಕಾರಿನ ಬಾಗಿಲು ತೆಗೆಯುವುದೇ ಅವನ ಉದ್ಯೋಗವಾಗಿತ್ತು. ಅವನು ಹೋಗುವಾಗ ಅತ್ತಿಗೆಯ ಕಡೆ ತಿರುಗಿ, ತಾನು ಸರಿ ಮಾಡುತ್ತೇನೆ ಅನ್ನುವ ಹಾಗೆ ತಲೆಯಾಡಿಸಿದ. ಅವಳು ಅದನ್ನು ನಂಬಿದಳು.

*

ಗಂಡ ಕಿಟಕಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ನಿಂತ ಮೇಲೆ ಬಂದ ಮೊದಲ ಕರಪತ್ರದಲ್ಲಿ 'ಗಡಿಯಲ್ಲಿ ಶತ್ರುವಿನ ಗುಂಡಿಗೆ ಕಾಲು ಕೊಟ್ಟ ವೀರ' ಅಂತ ಅಚ್ಚಾಗಿತ್ತು. ಗಂಡ ಅದನ್ನು ಓದಿ, ಮೂರು ಸಲ ಓದಿ, ಅಧ್ಯಕ್ಷನ ಮನೆಗೆ ಹೋದ.

"ಗುಂಡಲ್ಲ ಸಾರ್, ಲಾರಿ. ನಮ್ಮದೇ ಲಾರಿ. ಶೆಡ್ಡಿನ ಹಿಂದೆ ರಿವರ್ಸ್ ತಗೊಳ್ತಿದ್ದರು, ನಾನೇ ಹಿಂದೆ ನಿಂತ್ಕೊಂಡು ಬರ್ಲಿ ಬರ್ಲಿ ಅಂತಿದ್ದೆ. ಸಾಕು ಅನ್ನೋದು ಸ್ವಲ್ಪ ತಡವಾಯ್ತು."

"ಶೆಡ್ಡು ಗಡಿ ಹತ್ತಿರ ಇತ್ತೋ ಇಲ್ಲವೋ?"

"ಗಡಿ ಅಲ್ಲಿಂದ ಒಂದು ದಿನದ ದಾರಿ ಸಾರ್."

"ಶೆಡ್ಡಿಗೂ ಒಂದು ಗಡಿ ಅಂತ ಇರುತ್ತಲ್ಲ, ಬಿಡಿ" ಎಂದು ಅಧ್ಯಕ್ಷ ನಕ್ಕ.

ಗಂಡ ಬಿಡಲಿಲ್ಲ. ಮನೆ ಮನೆಗೆ ಹೋದಾಗ ಯಾರಾದರೂ ಗುಂಡಿನ ಮಾತೆತ್ತಿದರೆ ಅಲ್ಲೇ ನಿಂತು, "ಗುಂಡಲ್ಲಪ್ಪ, ಲಾರಿ. ನನ್ನದೇ ತಪ್ಪು" ಎನ್ನುತ್ತಿದ್ದ. ಬಸ್ಸು ತಡ ಅಂದಾಗ ನಂಬಿದ ಅದೇ ಜನ ಇದನ್ನು ನಂಬಲಿಲ್ಲ. "ನೋಡಿದ್ಯಾ, ಎಷ್ಟು ದೊಡ್ಡ ಮನಸ್ಸು, ಹೇಳ್ಕೊಳ್ಳೋದೇ ಇಲ್ಲ" ಎಂದು ಹೊಗಳಿದರು. ಅವನು ನಿಜ ಹೇಳಿದಷ್ಟೂ ಸುಳ್ಳು ಬೆಳೆಯಿತು. ಒಂದು ಸಂಜೆ ಮನೆಗೆ ಬಂದು, "ಇಪ್ಪತ್ತೆರಡು ವರ್ಷ ಮೈಕಲ್ಲಿ ಹೇಳಿದ್ದು ಒಂದೂ ಹುಸಿಯಾಗಲಿಲ್ಲ ಕಣೇ. ಈಗ ಬಾಯಿ ಬಿಟ್ಟರೆ ಸುಳ್ಳಾಗುತ್ತೆ" ಅಂದ.

ಕಾಲು ಬಿಚ್ಚಿ, ಪ್ಯಾಂಟು ಮಡಚಿ, ಊರುಗೋಲಿನ ಮೇಲೆ ಬನ್ನಿ ಅಂತ ಅಧ್ಯಕ್ಷ ದಿನಾ ಪೀಡಿಸುತ್ತಿದ್ದ. ಆ ಒಂದು ವಿಷಯಕ್ಕೆ ಮಾತ್ರ ಅವನು ಜಗ್ಗಲಿಲ್ಲ. ನಿಲ್ಲು ಅಂದಿದ್ದೀರಿ, ನಿಲ್ಲುತ್ತೇನೆ, ಎರಡರ ಮೇಲೆ ನಿಲ್ಲುತ್ತೇನೆ ಅಂದ. ದಿನಕ್ಕೆ ಇನ್ನೂರು ಮನೆ, ಮೆಟ್ಟಿಲು, ಓಣಿ, ಬಿಸಿಲು. ಕುರ್ಚಿಯಲ್ಲಿ ಕೂತು ಬಾಳಿದ ಮೊಂಡು ಅದು. ಎಂಟನೇ ದಿನ ಅವಳು ಒಗೆಯಲು ತೆಗೆದ ಕಾಲುಚೀಲದಲ್ಲಿ ರಕ್ತವಿತ್ತು.

ಅವಳು ಅದನ್ನು ನೋಡಿದಳು. ಈ ಮಾತು ಅವಳು ಕಂಟ್ರೋಲರಿಗೂ ಹೇಳಿಲ್ಲ, ಯಾರಿಗೂ ಹೇಳುವುದಿಲ್ಲ. ರಕ್ತ ನೋಡಿದಳು, ತಣ್ಣೀರಲ್ಲಿ ನೆನೆಸಿದಳು, ಉಜ್ಜಿದಳು, ಬಿಸಿಲಿಗೆ ಹಾಕಿದಳು. ಅಂಗಡಿಯವನು ಆಗಲೇ ಅವಳನ್ನು 'ಶಾಸಕರ ಮನೆಯವರು' ಅಂತ ಕರೆಯಲು ಶುರು ಮಾಡಿದ್ದ. ಹದಿನೈದು ವರ್ಷ ಹೊಲಿಗೆ ಸರಿಯಿಲ್ಲ ಎಂದು ಮುಖಕ್ಕೆ ಎಸೆದಿದ್ದವನು, ಕುರ್ಚಿ ಒರೆಸಿ ಕೂರಿಸಿದ್ದ. ಅದು ಅವಳಿಗೆ ಹಿಡಿಸಿತ್ತು, ತುಂಬಾ ಹಿಡಿಸಿತ್ತು. ರಾತ್ರಿಯೆಲ್ಲ ನರಳಿದ ಗಂಡ ಬೆಳಿಗ್ಗೆ ಮಂಚದ ಅಂಚಿಗೆ ಕೂತು, "ಇವತ್ತು ಬೇಡ್ವೇನೇ" ಅಂದಾಗ ಅವಳು ಬಟ್ಟಲು ಹಿಡಿದುಕೊಂಡು ನೆಲಕ್ಕೆ ಕೂತಾಗಿತ್ತು.

"ಇನ್ನು ಹನ್ನೆರಡು ದಿನ ತಾನೇ. ತಡ್ಕೊಳ್ಳಿ. ಆಮೇಲೆ ಕಾರಲ್ಲೇ ಓಡಾಡೋದು."

ಅವನು ಭಾರ ಬಿಟ್ಟ. ಹಲ್ಲು ಕಚ್ಚಿದ ಸದ್ದು ಅವಳಿಗೆ ಕೇಳಿಸಿತು. ಅದಾಗಿ ಐದನೇ ದಿನಕ್ಕೆ ಜ್ವರ ನೆತ್ತಿಗೇರಿತು, ಏಳನೇ ದಿನ ಆಸ್ಪತ್ರೆಯವರು ರಕ್ತಕ್ಕೆಲ್ಲ ನಂಜು ಏರಿದೆ, ತುಂಬಾ ತಡವಾಗಿ ತಂದಿರಿ ಎಂದರು. ಅವಳಿಗೆ ಯಾರೂ ಏನೂ ಅನ್ನಲಿಲ್ಲ. ಗಂಡನೂ ಅನ್ನಲಿಲ್ಲ. ಪ್ಯಾಂಟಿನ ಮಾತು ಮಾತ್ರ ಹೇಳಿದ. ಅದನ್ನಾದರೂ ನಡೆಸಿಕೊಡದೆ ಹೋದರೆ ತಾನು ಮನುಷ್ಯಳೇ ಅಲ್ಲ ಅಂತ ಅವಳು ಅಂದುಕೊಂಡಿದ್ದಳು.

*

ಕೀವಿನ ಕೈ ತೊಳೆದು, ಬೇರೆ ಬಟ್ಟೆ ಉಟ್ಟು ಬರುವಷ್ಟರಲ್ಲಿ ಮಂಚ ಖಾಲಿಯಾಗಿತ್ತು. ಗುಂಡಿ ತೋಡಿದ್ದಾರೋ ನೋಡಿ ಬಾ ಎಂದು ಕಂಟ್ರೋಲರನ್ನು ಯಾರೋ ಬೇಕೆಂದೇ ಕಳಿಸಿದ್ದರು. ಅವಳು ಬರಿಗಾಲಲ್ಲೇ ಬೀದಿಗೆ ಬಂದಳು.

ಶವದ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಒಳಗೆ ಗಂಡ. ಎಡಗಾಲಿಗೆ ಶೂ ಇತ್ತು. ಬಲಗಡೆ ಪ್ಯಾಂಟು ಮೊಣಕಾಲಿನಿಂದ ಮಡಚಿ, ಮೇಲಕ್ಕೆ ತಂದು, ಅವಳದೇ ಡಬ್ಬಿಯ ನಾಲ್ಕು ಗುಂಡುಪಿನ್ನು ಚುಚ್ಚಿದ್ದರು. ವ್ಯಾನಿನ ಮುಂದೆ ಜೀಪು, ಜೀಪಿನ ತಲೆಯ ಮೇಲೆ ಕೆಂಪು ದಿಂಬು, ದಿಂಬಿನ ಮೇಲೆ ಶೂ ಸಮೇತ ಕಾಲು. ಸುತ್ತ ಹೂವಿನ ರಾಶಿ.

ಮೈದುನ ವ್ಯಾನಿನ ಪಕ್ಕದಲ್ಲೇ ಇದ್ದ.

"ಯಾರು ಬಿಚ್ಚಿದ್ದು?"

ಅವನು ನೆಲ ನೋಡಿದ. "ನಾನೇ ಅತ್ತಿಗೆ. ಹೇಗೂ ಬಿಚ್ತಿದ್ದರು. ಬೇರೆಯೋರು ಯಾಕೆ ಅಣ್ಣನ ಮೇಲೆ ಕೈ ಹಾಕಬೇಕು ಅಂತ ನಾನೇ ಬಿಚ್ಚಿದೆ."

"ನಿನಗೆ ಏನು ಕೊಡ್ತೀನಿ ಅಂದ್ರು?"

"ಹಾಗಲ್ಲ ಅತ್ತಿಗೆ. ನಿಗಮದಲ್ಲಿ ಒಂದು ಜಾಗ ಖಾಲಿ ಇದೆಯಂತೆ. ನಾನೂ ಒಂದು ದಡ ಸೇರಬೇಕಲ್ಲ. ಅಣ್ಣನಿಗೆ ಇನ್ನು ಏನು ಗೊತ್ತಾಗುತ್ತೆ ಹೇಳಿ." ಅವನ ಕಣ್ಣಲ್ಲಿ ನೀರಿತ್ತು, ಅದೂ ಸುಳ್ಳಲ್ಲ. "ಬರೀ ಮೆರವಣಿಗೆ ಮುಗಿಯೋ ತನಕ. ಅಲ್ಲಿಗೆ ಹೋದ ಮೇಲೆ ನಾನೇ ವಾಪಸ್ ಹಾಕ್ತೀನಿ. ಅಧ್ಯಕ್ಷರು ಮಾತು ಕೊಟ್ಟಿದ್ದಾರೆ."

ಅವಳು ಅವನ ಕೆನ್ನೆಗೆ ಹೊಡೆಯಲೆಂದು ಕೈ ಎತ್ತಿದಳು. ಅಷ್ಟರಲ್ಲಿ ಜೀಪು ಹೊರಟಿತು, ವ್ಯಾನೂ ಹೊರಟಿತು. ಅವಳು ಓಡಿ ಹತ್ತಿ ಗಂಡನ ಪಕ್ಕ ಕೂತಳು.

ಅಷ್ಟು ಜನ ಅವಳು ಎಂದೂ ನೋಡಿರಲಿಲ್ಲ. ಬಸ್ಸಿಗೆ ಕಾದವರು, ಬಸ್ಸು ಓಡಿಸಿದವರು, ಪೇಪರಲ್ಲಿ ಓದಿ ಬಂದವರು. ಜೀಪಿನಲ್ಲಿದ್ದವನು ಮೈಕಲ್ಲಿ ಗುಂಡಿನ ಕತೆ ಹೇಳುತ್ತಿದ್ದ, ಈಗ ಒಂದು ಗುಂಡು ಮೂರಾಗಿತ್ತು. ಜನ ಜೀಪಿಗೆ ಮುಗಿಬಿದ್ದು ಶೂ ಮುಟ್ಟಿ ಹಣೆಗೆ ಒತ್ತಿಕೊಂಡರು. ಮಹಡಿಗಳಿಂದ ಹೂವು ಬಿತ್ತು, ಎಲ್ಲ ಜೀಪಿನ ಮೇಲೆ. ವ್ಯಾನಿನ ಹತ್ತಿರ ಬಂದವರು ಒಳಗೆ ಒಮ್ಮೆ ಇಣುಕಿ, ಮಡಚಿದ ಪ್ಯಾಂಟು ನೋಡಿ, "ಹೌದು, ಅದೇ ಕಾಲು" ಎಂದು ತಾಳೆ ಹಾಕಿಕೊಂಡು ಮತ್ತೆ ಮುಂದಕ್ಕೆ ಓಡಿದರು. ಒಬ್ಬ ಮುದುಕಿ ಮಾತ್ರ ಒಳಗೆ ಮುಖ ಹಾಕಿ, "ನಮ್ಮ ಮೈಕಣ್ಣನಾ ಇದು? ಇವನಿಗೆ ಕಾಲು ಇರಲಿಲ್ವಾ?" ಎಂದು ಕೇಳಿದಳು. ಅವಳು ಉತ್ತರ ಹೇಳುವ ಮೊದಲೇ ಜನ ಆ ಮುದುಕಿಯನ್ನು ನೂಕಿಕೊಂಡು ಹೋದರು.

ನೀರಿನ ಟ್ಯಾಂಕಿನ ಹತ್ತಿರ ರಸ್ತೆ ಕವಲಾಗುತ್ತದೆ. ಎಡಕ್ಕೆ ಹೂಳುವ ಜಾಗ, ಬಲಕ್ಕೆ ಮಾರುಕಟ್ಟೆಯ ಮೈದಾನ. ಜೀಪು ಬಲಕ್ಕೆ ತಿರುಗಿತು. ಅದರ ಹಿಂದೆ ಜನವೆಲ್ಲ ಬಲಕ್ಕೆ ತಿರುಗಿತು. ವ್ಯಾನಿನ ಡ್ರೈವರ್ ಬ್ರೇಕು ಒತ್ತಿ ಹಿಂದಕ್ಕೆ ನೋಡಿದ.

"ಅಮ್ಮಾ, ಇವರೆಲ್ಲ ಆ ಕಡೆ ಹೋಗ್ತಿದ್ದಾರಲ್ಲ. ನಾವು?"

ಮೈದುನ ಕವಲಿನಲ್ಲಿ ನಿಂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದ. ಆಮೇಲೆ ಕಿಟಕಿಗೆ ಓಡಿ ಬಂದು, "ಮೈದಾನದಲ್ಲಿ ಎರಡು ಮಾತು ಭಾಷಣ ಅಂತೆ ಅತ್ತಿಗೆ. ನೀವು ನಡೀರಿ, ನಾನು ಕಾಲು ತಗೊಂಡು ಹಿಂದೆಯೇ ಬರ್ತೀನಿ. ಹತ್ತೇ ನಿಮಿಷ" ಅಂದ. ಅವನು ಜನದೊಳಗೆ ಸೇರಿಹೋದ ಮೇಲೆ ರಸ್ತೆಯಲ್ಲಿ ತುಳಿದ ಹೂವು ಬಿಟ್ಟರೆ ಏನೂ ಉಳಿಯಲಿಲ್ಲ.

"ಎಡಕ್ಕೆ ತಗೋಪ್ಪಾ" ಅಂದಳು.

ಹೂಳುವ ಜಾಗದಲ್ಲಿ ಕಂಟ್ರೋಲರ್ ಇದ್ದ, ನಿಲ್ದಾಣದ ಕಸ ಗುಡಿಸುವ ಇಬ್ಬರು ಹೆಂಗಸರಿದ್ದರು, ಗುಂಡಿ ತೋಡಿದ ಇಬ್ಬರು ಗುದ್ದಲಿ ಊರಿಕೊಂಡು ಕೂತಿದ್ದರು. ಪಕ್ಷದವರ ಬಾಡಿಗೆ ಕುರ್ಚಿಗಳು ಅಲ್ಲಿಗೂ ಬಂದಿದ್ದವು, ಸಾಲು ಸಾಲು, ಎಲ್ಲ ಖಾಲಿ. ಕಂಟ್ರೋಲರ್ ಒಳಗೆ ಇಣುಕಿದವನು ಪ್ಯಾಂಟು ನೋಡಿದ, ಅವಳ ಮುಖ ನೋಡಿದ.

ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಅರ್ಧ ಗಂಟೆ ಒಂದು ಗಂಟೆಯಾಯಿತು. ಗುಂಡಿಯವರಲ್ಲಿ ಹಿರಿಯವನು ಎದ್ದು ಬಂದು, ಇವತ್ತು ಇನ್ನೊಂದು ಇದೆ, ಬೆಳಕಿರುವಾಗಲೇ ಮುಗಿಸಬೇಕು ಎಂದು ಮೆಲ್ಲಗೆ ಹೇಳಿದ. ಅವಳು ಮೈದುನನಿಗೆ ಫೋನು ಮಾಡಿದಳು. ಆ ಕಡೆ ಚಪ್ಪಾಳೆಯ ಸದ್ದು.

"ಇನ್ನೇನು ಹೊರಟೆ ಅತ್ತಿಗೆ."

"ಎಲ್ಲಿದೆ ಅದು?"

"ವೇದಿಕೆ ಮೇಲಿದೆ. ಭಾಷಣ ನಡೀತಿದೆ. ಅಧ್ಯಕ್ಷರು ಏನಂತಾರೆ ಅಂದ್ರೆ... ಎಲೆಕ್ಷನ್ ಮುಗಿಯೋ ತನಕ ಪಕ್ಷದ ಆಫೀಸಲ್ಲಿ ಇರಲಿ ಅಂತಾರೆ. ಗಾಜಿನ ಪೆಟ್ಟಿಗೇಲಿ. ಮುಗಿದ ಮೇಲೆ ನಮಗೇ ವಾಪಸ್ ಕೊಡ್ತಾರಂತೆ."

ಅವಳು ಫೋನನ್ನು ಕಂಟ್ರೋಲರಿನ ಕೈಗೆ ಕೊಟ್ಟಳು. ಅವನು ಕಿವಿಗೆ ಇಟ್ಟುಕೊಂಡು ಕೇಳಿ ಆರಿಸಿದ.

"ಬರಲ್ಲ ತಂಗಿ. ಕಾಯೋದು ಬೇಡ."

ಅವಳು ವ್ಯಾನಿನೊಳಗೆ ಹೋದಳು. ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ಮಡಿಕೆ ಬಿಚ್ಚಿ ಪ್ಯಾಂಟಿನ ಕಾಲನ್ನು ಉದ್ದಕ್ಕೆ ಎಳೆದು, ಅಂಗೈಯಿಂದ ನೀವಿದಳು. ಎಷ್ಟು ನೀವಿದರೂ ಚಪ್ಪಟೆಯಾಗಿಯೇ ಇತ್ತು. ಕಂಟ್ರೋಲರ್ ತನ್ನ ಟವೆಲು ಸುತ್ತಿ ಕೊಡಲು ಬಂದ. ಅವಳು ಬೇಡ ಅಂದಳು. ಪ್ಯಾಂಟಿನ ಕೆಳಗಿನ ಬಾಯಿಯಿಂದ ತನ್ನ ಬಲಗೈ ಒಳಗೆ ಹಾಕಿದಳು, ಮೊಣಕೈ ದಾಟಿಸಿದಳು, ಮೊಂಡಿನ ತಣ್ಣನೆಯ ಒದ್ದೆ ಬೆರಳಿಗೆ ಸಿಗುವವರೆಗೂ ಹಾಕಿದಳು. ಬಟ್ಟೆ ತುಂಬಿಕೊಂಡಿತು.

"ಈಗ ಎತ್ತಿ" ಅಂದಳು.

ಡ್ರೈವರ್, ಕಂಟ್ರೋಲರ್, ಗುಂಡಿಯ ಇಬ್ಬರು ಚಟ್ಟದ ನಾಲ್ಕು ಮೂಲೆ ಹಿಡಿದರು. ಅವಳು ಕೈ ಒಳಗೇ ಇಟ್ಟುಕೊಂಡು, ಬಗ್ಗಿದ ಸೊಂಟದಲ್ಲಿ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ ಕಲ್ಲು ಮಣ್ಣಿನ ಮೇಲೆ ಅಡ್ಡಡ್ಡಲಾಗಿ ನಡೆದಳು. ದೂರದ ಮೈದಾನದಿಂದ ಗಾಳಿಯಲ್ಲಿ ಒಂದು ಘೋಷಣೆ ತೇಲಿ ಬಂತು, ಮಾತು ತಿಳಿಯಲಿಲ್ಲ. ಖಾಲಿ ಕುರ್ಚಿಗಳ ನಡುವಿನಿಂದ ಅವಳ ಗಂಡ ಎರಡೂ ಕಾಲು ಚಾಚಿಕೊಂಡು ಹೋದ. ಗುಂಡಿಯ ಅಂಚಿನಲ್ಲಿ ಅವನನ್ನು ಇಳಿಸಿ, ಕೆಳಗೆ ಹಗ್ಗ ತೂರಿಸಿದರು. ಅವಳು ಮಣ್ಣಿನ ಮೇಲೆ ಮೊಣಕಾಲೂರಿ ಹಾಗೇ ಕೂತಿದ್ದಳು. ಹಿರಿಯವನು ಹಗ್ಗದ ತುದಿ ಹಿಡಿದು ಕಾದ.

"ಕೈ ತೆಗೀಬೇಕಮ್ಮ" ಅಂದ ಕೊನೆಗೆ. "ಇಲ್ಲಿಂದ ಮುಂದೆ ಬರಕ್ಕಾಗಲ್ಲ."